ಮೊದಲ ನೋಟ ಬಿದ್ದವಳು

ನಮ್ಮದು ನಾಗಮಂಗಲದಲ್ಲಿ ಎರಕ ಹೊಯ್ಯುವ ಆಚಾರಿಗಳ ಮನೆ. ಅಪ್ಪ ಜೇನುಮೇಣದಲ್ಲಿ ದೇವರನ್ನು ತಿದ್ದಿ, ಅದಕ್ಕೆ ಮಣ್ಣು ಮೆತ್ತಿ, ಕಾಸಿ ಮೇಣ ಇಳಿಸಿ, ಆ ಜಾಗಕ್ಕೆ ಕಂಚು ಹೊಯ್ಯುತ್ತಿದ್ದ. ಮಣ್ಣು ಒಡೆದಾಗ ಹೊರಗೆ ಬರುತ್ತಿದ್ದುದು ಮಸಿ ಹಿಡಿದ ಒರಟು ಬೊಂಬೆ. ಅದಕ್ಕೆ ವಾರಗಟ್ಟಲೆ ಅರ ಹಾಕಿ ಉಜ್ಜುತ್ತಿದ್ದ, ಕೋಪ ಬಂದರೆ ಅದನ್ನೇ ಬೈಯುತ್ತಿದ್ದ. ಕೊನೆಯ ದಿನ ಕಣ್ಣು ಬಿಡಿಸಿದ ಮೇಲೆ ಮಾತ್ರ ಉದ್ದುದ್ದ ಅಡ್ಡಬೀಳುತ್ತಿದ್ದ. ಆಮೇಲೆ ಅದನ್ನು ಮುಟ್ಟುತ್ತಿರಲಿಲ್ಲ.

ಇದು ನನ್ನ ತಲೆಗೆ ಹೋಗುತ್ತಲೇ ಇರಲಿಲ್ಲ. “ನಿನ್ನೆ ಮೂಗು ಸೊಟ್ಟ ಅಂತ ಬೈದ್ಯಲ್ಲ, ಇವತ್ತು ಅದು ಎಂಗಪ್ಪ ದೇವ್ರಾಯ್ತದೆ?” ಎಂದರೆ, “ಬಾಯಿ ಮುಚ್ಕಂಡು ತಿದಿ ಒತ್ತು” ಅನ್ನುತ್ತಿದ್ದ.

ಬಿಂಡಿಗನವಿಲೆ ಕಡೆಯ ಒಂದೂರಿನ ಗೌಡರು ತಮ್ಮ ಊರಮ್ಮನನ್ನು ಮಾಡಿಸಿದ ವರ್ಷ ನನಗೆ ಹನ್ನೊಂದು. ಕಣ್ಣು ಬಿಡಿಸುವ ದಿನ ಕನ್ನಡಿ ಹಿಡಿಯುವ ಕೆಲಸ ನನಗೆ ಬಂತು. ಹೊಸದಾಗಿ ಕಣ್ಣು ತೆರೆದ ದೇವರ ಮೊದಲ ನೋಟಕ್ಕೆ ತಡೆಯಲಾರದ ಉರಿಯಂತೆ. ಅದು ಮನುಷ್ಯರ ಮೇಲೆ ಬಿದ್ದರೆ ಅವರ ಕಣ್ಣು ಹೋಗುತ್ತವಂತೆ. ಅದಕ್ಕೇ ಅಪ್ಪ ಮೂರ್ತಿಯ ಹಿಂದೆ ನಿಂತು, ಕನ್ನಡಿಯಲ್ಲಿ ಕಾಣುವ ಮುಖವನ್ನು ನೋಡಿಕೊಂಡು, ಮುಂದಕ್ಕೆ ಕೈ ಚಾಚಿ ಚಿನ್ನದ ಮೊಳೆಯಿಂದ ಕಣ್ಣಿನ ಗೊಂಬೆ ಕೊರೆಯಬೇಕು. ಎದುರಿಗೆ ಕನ್ನಡಿ ಹಿಡಿದವಳು ಕಣ್ಣು ಮುಚ್ಚಿರಬೇಕು. ಆ ನೋಟ ತಣಿಯಲೆಂದು ಹಸುವನ್ನು ತಂದು ಎದುರಿಗೆ ನಿಲ್ಲಿಸುವವರೆಗೂ ಕನ್ನಡಿ ಇಳಿಸಬಾರದು.

ಅಪ್ಪ “ಆಯ್ತು” ಎಂದದ್ದು ಕೇಳಿಸಿತು. ನಾನು ಕನ್ನಡಿ ಇಳಿಸಿ, ಕಣ್ಣು ತೆರೆದು ನೋಡಿದೆ. ಕೈ ಸೋತು ಇಳಿಸಿದ್ದಲ್ಲ, ಬೇಕೆಂದೇ ಇಳಿಸಿದ್ದು. ಬೊಂಬೆ ದೇವರಾಗುವುದನ್ನು ಒಮ್ಮೆಯಾದರೂ ನೋಡಬೇಕಿತ್ತು. ಕಂಡದ್ದು ಇಷ್ಟೇ: ಆಗ ತಾನೇ ಕೊರೆದ ಕಣ್ಣಿನ ಮೂಲೆಯಲ್ಲಿ ಕಂಚಿನ ಸಣ್ಣದೊಂದು ಸಿಬಿರು ಅಂಟಿಕೊಂಡಿತ್ತು. ಅಯ್ಯೋ ಪಾಪ, ಚುಚ್ಚುತ್ತದೇನೋ, ಒರೆಸಲೇ ಅನ್ನಿಸಿತು. ಅಷ್ಟರಲ್ಲಿ ಅಪ್ಪ ನನ್ನ ಮುಖ ನೋಡಿದ. ಅವನ ಕೈಯಿಂದ ಮೊಳೆ ಬಿದ್ದುಹೋಯಿತು.

“ಒಂದು ಮಂಡಲ” ಎಂದರು ಗೌಡರ ಜೊತೆ ಬಂದಿದ್ದ ಅವರೂರಿನ ಪೂಜಾರಿಗಳು. “ನಲವತ್ತೆಂಟು ದಿನದೊಳಗೆ ಮಗೀನ ಕಣ್ಣು ಓಯ್ತವೆ. ಯಾರೂ ಏನೂ ಮಾಡಾಕಾಗಕಿಲ್ಲ.” ಅಮ್ಮನವರಿಗೆ ಬಟ್ಟೆ ಹೊದಿಸಿ ನಮ್ಮ ಕೊಟ್ಟಿಗೆಯಲ್ಲೇ ಇಟ್ಟು ಹೋದರು.

ಅಜ್ಜಿ ದಿನವೂ ನನ್ನ ಕಣ್ಣಿಗೆ ಹರಳೆಣ್ಣೆ ಹಚ್ಚಿ, ಅಳುತ್ತಲೇ ಬೆರಳು ತೋರಿಸಿ ಎಷ್ಟು ಎಂದು ಕೇಳುತ್ತಿದ್ದಳು. ನಾನು ಮಾತ್ರ ಬೆಳಗಾಗುತ್ತಲೇ ಕೆರೆ ಏರಿಗೆ ಓಡುತ್ತಿದ್ದೆ. ನಾಳೆ ಕಾಣದಿರಬಹುದು, ಇವತ್ತೇ ಎಲ್ಲವನ್ನೂ ನೋಡಿಬಿಡಬೇಕು. ನೀರಿನ ಅಂಚಿನ ಪಾಚಿ, ಕುರಿಗಳ ಹಿಂದೆ ಏಳುವ ಧೂಳು, ಬಟ್ಟೆ ಒಗೆಯಲು ಬಂದ ಹೆಂಗಸಿನ ಕೈಬಳೆ. ಎಲ್ಲ ನೋಡಿ ಮುಗಿದ ಮೇಲೆ, ಯಾರಿಗೆಂದು ಗೊತ್ತಿಲ್ಲದೆ, “ಇವತ್ತೂ ಕಂಡ್ತು” ಎಂದು ಹೇಳಿ ಕೈ ಮುಗಿದು ಬರುತ್ತಿದ್ದೆ. ಯಾವ ಮಂತ್ರವೂ ನನಗೆ ಬರುತ್ತಿರಲಿಲ್ಲ.

ಮಂಡಲ ಕಳೆಯಿತು. ನನ್ನ ಕಣ್ಣಿಗೆ ಏನೂ ಆಗಲಿಲ್ಲ. ಅಜ್ಜಿ ಕಾಯಿ ಒಡೆದಳು. ನಾನು ಅಂಗಳದಲ್ಲೆಲ್ಲ ಕುಣಿದಾಡಿದೆ.

ಮರುದಿನ ಗೌಡರೂ ಪೂಜಾರಿಗಳೂ ಬಂದು ಜಗಲಿಯ ಮೇಲೆ ಕೂತರು. ಅವರ ಮುಖದಲ್ಲಿ ಸಂತೋಷವಿರಲಿಲ್ಲ. ಗೌಡರು ಅಪ್ಪನಿಗೆ ಹೇಳಿದರು: “ನೋಡು ಆಚಾರಿ, ಮಗೀನ ಕಣ್ಣು ಓಗ್ಲಿಲ್ಲ ಅಂದ್ರೆ ಅಮ್ಮನ ಕಣ್ಣು ತೆರೀಲೇ ಇಲ್ಲ ಅಂತ ಆಯ್ತು. ನಿನ್ನ ಕೈಲಿ ಏನೋ ದೋಸ ಅದೆ. ಇದ್ನ ಕರಗ್ಸಿಬುಡು. ಇನ್ಮ್ಯಾಕೆ ಯಾವೂರೋರೂ ನಿನ್ನ ಕೈಲಿ ದೇವ್ರು ಮಾಡ್ಸಾಕಿಲ್ಲ.”

ಅಪ್ಪ ಎದ್ದು ಹಿತ್ತಿಲಿಗೆ ಬಂದ. ನಾನು ಅಲ್ಲಿ ಮಣ್ಣು ಜರಡಿ ಹಿಡಿಯುತ್ತಿದ್ದೆ. ನನ್ನೆದುರು ಕುಕ್ಕರುಗಾಲಲ್ಲಿ ಕೂತು, ಗಲ್ಲ ಹಿಡಿದು, ಮೆಲ್ಲಗೆ ಕೇಳಿದ: “ಮಗಾ, ಒಸಿನಾದ್ರೂ ಮಂಜಾಗಿಲ್ವಾ?”

ಇಷ್ಟು ವರ್ಷವಾದರೂ ಆ ದನಿ ಮರೆತಿಲ್ಲ. ಅದರಲ್ಲಿ ಹೆದರಿಕೆ ಇರಲಿಲ್ಲ, ಆಸೆ ಇತ್ತು. ನನ್ನನ್ನು ಹೆತ್ತವನು, ಹೆಗಲ ಮೇಲೆ ಹೊತ್ತು ಸಂತೆ ತೋರಿಸಿದವನು, ನನ್ನ ಕಣ್ಣು ಹೋಗಿರಲಿ ಎಂದು ಆಸೆಪಡುತ್ತಿದ್ದ. ಅವನ ಮುಖ ನೋಡಲಾಗಲಿಲ್ಲ.

“ಊಂ ಕಣಪ್ಪ. ಒಸಿ ಮಂಜಾಗದೆ” ಎಂದೆ.

ಅಪ್ಪ ನನ್ನ ಕೈ ಹಿಡಿದು ಜಗಲಿಗೆ ಕರೆತಂದ. ಪೂಜಾರಿಗಳು ಕೆನ್ನೆ ಕೆನ್ನೆ ಬಡಿದುಕೊಂಡರು. ಗೌಡರು ಅಮ್ಮನ ಮುಂದೆ ಅಡ್ಡಬಿದ್ದು ಅತ್ತೇಬಿಟ್ಟರು. ಸಂಜೆಯೊಳಗೆ ತಮಟೆ ಬಂತು, ಅಮ್ಮ ಅವರೂರಿಗೆ ಹೊರಟಳು. ಆಚಾರಿಯ ಮಗಳ ಕಣ್ಣು ತೆಗೆದುಕೊಂಡ ಅಮ್ಮನೆಂದು ತೊಣ್ಣೂರಿನ ಕಡೆಯವರೆಗೂ ಹೆಸರಾಯಿತು. ಅಂಥ ಕೈಯವನಿಗೇ ಮಾಡಿಸಬೇಕೆಂದು ಜನ ನಮ್ಮ ಮನೆ ಹುಡುಕಿಕೊಂಡು ಬಂದರು. ನನ್ನನ್ನು ಮಾತ್ರ ಯಾರೂ ಕೇಳಿಕೊಂಡು ಬರಲಿಲ್ಲ. ಮಂಜುಗಣ್ಣಿನ ಸೊಸೆ ಯಾರಿಗೆ ಬೇಕು?

ಆ ಅಮ್ಮನಿಗೆ ನಾನು ಇವತ್ತಿಗೂ ಕೈ ಮುಗಿದಿಲ್ಲ. ನಿಜವಾಗಿ ಕಣ್ಣಿದ್ದವಳಾಗಿದ್ದರೆ ನನ್ನ ಸುಳ್ಳನ್ನು ಮೊದಲು ಅವಳೇ ನೋಡಬೇಕಿತ್ತು. ಅರ್ಚಕರು ಶಾಸ್ತ್ರ ಹೇಳಲು ಶುರುಮಾಡಿದರೆ ಎದ್ದು ಒಳಗೆ ಹೋಗುತ್ತೇನೆ. ಹಾಗೆಂದು ದೇವರೇ ಇಲ್ಲವೆಂದು ಹೇಳಲು ನನ್ನಿಂದಾಗದು. ಕೆರೆ ಏರಿಯನ್ನು ಒಂದು ದಿನವೂ ತಪ್ಪಿಸಿಲ್ಲ. ತಡವರಿಸುತ್ತ ಬೀದಿ ದಾಟಿ, ಏರಿಯ ಮೇಲೆ ಯಾರೂ ಇಲ್ಲದಾಗ ಎರಡು ಕಣ್ಣೂ ತುಂಬ ನೋಡಿ, ಕಂಡಿತೆಂದು ಹೇಳಿ ಬರುತ್ತೇನೆ. ಕೇಳಿಸಿಕೊಳ್ಳುವವರು ಯಾರೋ ಇದ್ದಾರೆ ಅನ್ನಿಸುತ್ತದೆ. ಅವರಿಗೆ ನಾನು ಸುಳ್ಳು ಹೇಳಿಲ್ಲ.

ಸುಲ್ತಾನರ ಪಟ್ಟಣ ಕುಂಪಣಿಯವರ ವಶವಾಗಿ, ಎಲ್ಲರ ಬಾಯಲ್ಲೂ ಅದೇ ಮಾತಾಗಿದ್ದ ಬೇಸಿಗೆಯಲ್ಲಿ ಅಪ್ಪನ ಕಣ್ಣಿಗೆ ಪೊರೆ ಬಂದಿತ್ತು. ತೊಣ್ಣೂರಿನ ಕಡೆಯವರು ಹೇಳಿದ್ದ ಮೂರ್ತಿಯೊಂದು ಕೈಯಲ್ಲಿತ್ತು. ಮಧ್ಯಾಹ್ನ ನನ್ನನ್ನು ಕರೆದು, ಮೇಣದ ತಲೆಯನ್ನು ನನ್ನ ಕೈಗಿಟ್ಟ.

“ನೋಡವ್ವ, ಎರಡು ಕಣ್ಣೂ ಒಂದೇ ಸಮ ಅವಾ? ಬಲಗಣ್ಣು ಒಸಿ ಮೇಲಕ್ಕೋಗದಾ?”

ಬಾಯಿ ತಪ್ಪಿ ಕೇಳಿದನೇನೋ, ಈಗ ನೆನಪಾಗುತ್ತದೆ ಎಂದು ಕಾದೆ. ಅವನು ಉತ್ತರಕ್ಕಾಗಿ ಕಾಯುತ್ತಿದ್ದ, ಅಷ್ಟೇ.

“ಯಾವತ್ತಿಂದ ಗೊತ್ತಪ್ಪ ನಿಂಗೆ?”

“ಅವತ್ತಿಂದ್ಲೇ ಕಣವ್ವ” ಎಂದ, ಬಿಸಿಲು ಜೋರಾಗಿದೆ ಎನ್ನುವ ಹಾಗೆ. “ನಿಜವಾಗ್ಲೂ ಮಂಜಾಗಿದ್ರೆ ನೀನು ಅತ್ತಿರೋಳು. ನೋಡು, ಮ್ಯಾಣ ಮೆತ್ತಗಾಯ್ತದೆ.”

ಹದಿನೈದು ವರ್ಷ ಅವನಿಗೆ ಗೊತ್ತಾಗಬಾರದೆಂದು ನಾನು ಮನೆಯೊಳಗೂ ಗೋಡೆ ಹಿಡಿದು ನಡೆದಿದ್ದೆ. ಅವನು ಅದನ್ನು ನೋಡುತ್ತ ಕೂತಿದ್ದ.

ಆ ಮುಖವನ್ನು ಬೆಳಕಿಗೆ ಹಿಡಿದೆ. ಬಲಗಣ್ಣು ಎಡಗಣ್ಣಿಗಿಂತ ಒಂದು ಜೋಳದಷ್ಟು ಮೇಲೆ ಹೋಗಿತ್ತು.

“ಎರಡೂ ಸಮ ಅವೆ ಕಣಪ್ಪ” ಎಂದೆ.

ಅಪ್ಪ ನಂಬಿದ.