ಬಟ್ಟೆ ಒಗೆದವರು ಕಂಡ ಬಣ್ಣ

ನನ್ನ ಮಗಳು ತೀರಿಕೊಂಡ ಮರುವರ್ಷ ಒಬ್ಬರು ಡಾಕ್ಟರಮ್ಮ ದೇರೆಬೈಲಿನ ನಮ್ಮ ಮನೆಗೆ ಬಂದರು. ಮಕ್ಕಳ ಲಿವರ್ ಕಾಯಿಲೆಯ ಬಗ್ಗೆ ಸಂಶೋಧನೆ ಮಾಡುವವರು. ಮಗಳ ಲಿವರ್ ಕಸಿಗಾಗಿ ಓಡಾಡುವಾಗ ಪರಿಚಯವಾದವರು. ನನ್ನ ಗಂಡನ ಲಿವರಿನ ತುಂಡು ಹೊಂದುತ್ತದೆ ಎಂದು ಗೊತ್ತಾಗಿ, ತಯಾರಿ ನಡೆಯುತ್ತಿರುವಾಗಲೇ ಸೋಂಕು ತಗಲಿ ಮಗು ಹೋಯಿತು. ಅವಳ ಪಿತ್ತನಾಳ ಮುಚ್ಚಿಹೋಗಿತ್ತು. ಬೇಗ ಗೊತ್ತಾಗಿದ್ದರೆ ಹಸುಳೆಯಾಗಿರುವಾಗಲೇ ಒಂದು ಆಪರೇಷನ್ ಮಾಡಿ ನೋಡಬಹುದಿತ್ತಂತೆ. "ತಡವಾಯಿತು" ಎಂದು ಎಲ್ಲರೂ ನನಗೇ ಹೇಳಿದರು, ಬಸ್ಸು ತಪ್ಪಿಸಿಕೊಂಡವಳಿಗೆ ಹೇಳುವ ಹಾಗೆ.

ಡಾಕ್ಟರಮ್ಮನ ಕೈಯಲ್ಲಿ ಒಂದು ಕಾರ್ಡು ಇತ್ತು. ಅದರಲ್ಲಿ ಎಳೆ ಮಕ್ಕಳ ಮಲದ ಚಿತ್ರಗಳು: ಅರಸಿನ, ಹಸಿರು, ಕಂದು, ಇನ್ನೊಂದು ಬದಿಯಲ್ಲಿ ಬಿಳಿಚಿದ ಬಣ್ಣಗಳು. ಪಿತ್ತ ಕರುಳಿಗೆ ಇಳಿಯದಿದ್ದರೆ ಮಲ ಬಿಳಿಚುತ್ತದೆ. ಹೆರಿಗೆಯಾದವರೆಲ್ಲ ಇಂಥ ಕಾರ್ಡು ಮನೆಗೆ ಒಯ್ಯುವಂತಾಗಬೇಕು ಎಂದು ಅವರು ಕೆಲಸ ಮಾಡುತ್ತಿದ್ದರು. ಅದಕ್ಕಾಗಿ ಮಗುವನ್ನು ಕಳೆದುಕೊಂಡ ಮನೆಗಳಿಗೆ ಹೋಗಿ, ಬಣ್ಣ ಬದಲಾದದ್ದನ್ನು ಯಾರು ನೋಡಿದರು, ಯಾವಾಗ ನೋಡಿದರು ಎಂದು ಕೇಳುತ್ತಿದ್ದರು.

"ನಿಮಗೆ ಯಾವ ಬಣ್ಣ ನೆನಪುಂಟು?" ಎಂದರು.

"ನಾನು ನೋಡಲೇ ಇಲ್ಲ ಡಾಕ್ಟ್ರೇ."

ಅವರು ನಂಬಲಿಲ್ಲ ಅನಿಸಿತು. ನಮ್ಮಲ್ಲಿ ಬಾಣಂತಿ ತಣ್ಣೀರು ಮುಟ್ಟಬಾರದು. ಹಾಲು ಕುಡಿಸಲು ಮಾತ್ರ ಮಗುವನ್ನು ಕೈಗೆ ಕೊಡುತ್ತಿದ್ದರು. ಬಟ್ಟೆ ಕೊಳೆಯಾದ ಕೂಡಲೇ ದೊಡ್ಡಮ್ಮ ಎತ್ತಿಕೊಂಡು ಹೋಗುತ್ತಿದ್ದರು. ಅಮ್ಮನ ಅಕ್ಕ ಅವರು, ಬಾಣಂತನಕ್ಕೆಂದೇ ಉರ್ವದಿಂದ ಬಂದವರು. ಒಗೆಯುವ ಕಲ್ಲು ಹಿತ್ತಿಲಲ್ಲಿ. ನನಗೆ ಅಲ್ಲಿಗೆ ಹೋಗಲಿಕ್ಕಿಲ್ಲ. ಮಗುವಿನ ಮೈ ಹಳದಿಯಾದದ್ದು ಎಲ್ಲರಿಗೂ ಕಂಡಿತ್ತು. ಬೆಳಗಿನ ಬಿಸಿಲಿಗೆ ಹಿಡಿಯಿರಿ, ಹೋಗುತ್ತದೆ ಎಂದು ಚುಚ್ಚುಮದ್ದು ಕೊಟ್ಟ ಡಾಕ್ಟರೂ ಹೇಳಿದರು. ಅವರೂ ಮಲದ ಬಣ್ಣ ಕೇಳಲಿಲ್ಲ. ಆ ಸಿಟ್ಟು ಇನ್ನೂ ಉಂಟು. ಒಂದು ಪ್ರಶ್ನೆ ಕೇಳಲು ಎಷ್ಟು ಹೊತ್ತು ಬೇಕು?

ದೊಡ್ಡಮ್ಮ ಆ ದಿನ ನಮ್ಮಲ್ಲೇ ಇದ್ದರು. ಕರೆದೆ. ಸೆರಗಿಗೆ ಕೈ ಒರೆಸಿಕೊಂಡು ಬಂದು, ಕಾರ್ಡು ನೋಡಿ ಮುಖ ಸಿಂಡರಿಸಿದರು.

"ಇದೆಂತ ಮಾರಾಯ್ರೆ, ಇದರದ್ದೂ ಫೋಟೋ ತೆಗೀತಾರಾ? ಬೇರೆ ಕೆಲಸ ಇಲ್ವಾ?"

ಡಾಕ್ಟರಮ್ಮನಿಗೆ ನಗು ಬಂತು. "ನನ್ನ ಕೆಲಸವೇ ಇದು ಅಮ್ಮ. ಹೇಳಿ, ಮಗುವಿನದ್ದು ಯಾವುದರ ಹಾಗಿತ್ತು?"

ದೊಡ್ಡಮ್ಮ ಸರಿಯಾಗಿ ನೋಡದೆ ಅರಸಿನ ಬಣ್ಣದ ಮೇಲೆ ಬೆರಳಿಟ್ಟರು. "ಎಲ್ಲ ಮಕ್ಕಳ ಹಾಗೆ."

ಸುಳ್ಳು. ಈ ಬಾಲೆಯ ಬಟ್ಟೆ ಒಗೆಯಲು ಕಷ್ಟವೇ ಇಲ್ಲ, ಕಕ್ಕದ ಕಲೆಯೇ ಹಿಡಿಯುವುದಿಲ್ಲ, ತಾಯಿಹಾಲು ಅಷ್ಟು ಶುದ್ಧ ಎಂದು ಅವರೇ ನೆಂಟರ ಮುಂದೆ ಹೊಗಳಿದ್ದನ್ನು ಬಾಣಂತಿ ಕೋಣೆಯೊಳಗಿಂದ ಕೇಳಿದ್ದೆ.

ಅದನ್ನು ಹೇಳಿದೆ. ಅಡುಗೆಮನೆಯಿಂದ ಅಮ್ಮ, "ಈಗ ಕೆದಕುವುದು ಎಂತಕ್ಕೆ? ಹೋದ ಮಗು ಬರ್ತದಾ?" ಎಂದರು. ಒಂದು ವರ್ಷದಿಂದ ಈ ಮನೆಯಲ್ಲಿ ಇದೊಂದೇ ಮಾತು.

"ನನ್ನದು ಬರುವುದಿಲ್ಲ. ಇವರು ತಪ್ಪು ತಿಳಿದುಕೊಂಡು ಹೋದರೆ ಇನ್ನೊಬ್ಬಳದ್ದೂ ಹೋಗ್ತದೆ. ದೊಡ್ಡಮ್ಮ, ನೋಡಿ ಹೇಳಿ."

"ನನ್ನ ತಲೆಗೆ ಕಟ್ತೀಯಾ? ಸೊಂಟ ಬಗ್ಗಿಸಿ ಒಗೆದವಳು ನಾನು."

"ಅದಕ್ಕೇ ಕೇಳುವುದು. ನೋಡಿದ್ದು ನೀವೊಬ್ಬರೇ."

ಡಾಕ್ಟರಮ್ಮ ನಡುವೆ ಬಂದರು. "ಯಾರ ತಪ್ಪು ಅಂತ ಹುಡುಕಲು ಬಂದವಳಲ್ಲ ಅಮ್ಮ. ಕಾರ್ಡನ್ನು ತಾಯಿಯ ಕೈಗೆ ಕೊಟ್ಟರೆ ಸಾಕು ಅಂದುಕೊಂಡಿದ್ದೆ. ಒಗೆಯುವವರಿಗೂ ತೋರಿಸಬೇಕು ಅಂತ ಈಗ ಗೊತ್ತಾಯಿತು."

ದೊಡ್ಡಮ್ಮ ಕನ್ನಡಕ ತರಿಸಿಕೊಂಡು ಕುಳಿತರು. ಬೆರಳು ಬಿಳಿಚಿದ ಬಣ್ಣಗಳ ಕಡೆಗೆ ಸರಿದು ನಿಂತಿತು.

"ಇದು. ಸುಣ್ಣ ಕಲಸಿದ ಹಾಗೆ."

"ಯಾವಾಗಿಂದ?"

"ತೊಟ್ಟಿಲಿಗೆ ಹಾಕುವ ಮೊದಲೇ."

ಆಗ ಇನ್ನೂ ಸಮಯ ಇತ್ತು ಎಂದು ಡಾಕ್ಟರಮ್ಮ ಹೇಳಲಿಲ್ಲ. ನನಗೆ ಅದನ್ನು ಯಾರೂ ಹೇಳಬೇಕಾಗಿರಲಿಲ್ಲ. ದೊಡ್ಡಮ್ಮ ಅಳತೊಡಗಿದರು. ಅವರನ್ನು ಸಮಾಧಾನ ಮಾಡುವುದು ನನ್ನ ಕೆಲಸ ಎಂಬಂತೆ ಅಮ್ಮ ನನ್ನ ಮುಖ ನೋಡಿದರು. ನಾನು ಮಾಡಲಿಲ್ಲ. ಮಾಡಲು ಈಗಲೂ ಮನಸ್ಸಿಲ್ಲ.