ಸಮುದಾಯ ಭವನದ ಗೊಂಬೆ ಗಡಿಯಾರ

ಯಶವಂತಪುರದಲ್ಲಿ ಅಪ್ಪನದು ವಾಚ್ ರಿಪೇರಿ ಅಂಗಡಿ. ನಮ್ಮ ಮನೆ ಸಂಜಯನಗರದಲ್ಲಿ. ಯಾವುದೋ ಕ್ಯಾಲೆಂಡರಿನಲ್ಲಿ ಅಪ್ಪ ಪರದೇಶದ ಟೌನ್ ಹಾಲ್ ಒಂದರ ಚಿತ್ರ ನೋಡಿದ್ದರು. ಗೋಪುರದಲ್ಲಿ ಗಡಿಯಾರ, ಸಾಲಾಗಿ ಗಂಟೆಗಳು, ಕೆಳಗೆ ತಿರುಗುವ ಗೊಂಬೆಗಳು. ಎಪ್ಪತ್ತರ ದಶಕದ ಕೊನೆಗೆ ನಮ್ಮ ಬಡಾವಣೆಯವರು ಸಮುದಾಯ ಭವನ ಕಟ್ಟಿದಾಗ ಅಪ್ಪ ಅಂಥದೇ ಒಂದು ಗಡಿಯಾರವನ್ನು ತಾವೇ ಮಾಡಿಕೊಟ್ಟರು. ಐದು ಹಿತ್ತಾಳೆ ಗಂಟೆ, ನಾಲ್ಕು ಮರದ ಗೊಂಬೆ. ಗಂಟೆ ಬಾರಿಸುತ್ತಿದ್ದಂತೆ ಪುಟ್ಟ ಬಾಗಿಲು ತೆರೆದು ಆನೆ, ತಮಟೆಯವನು, ಕೊಡ ಹೊತ್ತ ಹೆಂಗಸು ಹೊರಬಂದು ಒಂದು ಸುತ್ತು ಹಾಕಿ ಒಳಗೆ ಹೋಗುತ್ತಿದ್ದರು. ಕೊನೆಯದು ಎರಡು ಜಡೆಯ ಹುಡುಗಿ. ಅದು ನನ್ನ ತಂಗಿಯೇ ಅಂತ ಎಲ್ಲರಿಗೂ ಗೊತ್ತಿತ್ತು.

ತಂಗಿಗೆ ಆಗ ಆರು ವರ್ಷ. ಹುಟ್ಟಿದಾಗಿನಿಂದ ಅವಳಿಗೆ ಕಿವಿ ಕೇಳಿಸುತ್ತಿರಲಿಲ್ಲ, ಮಾತೂ ಬರುತ್ತಿರಲಿಲ್ಲ. ದಿನಾ ಸಂಜೆ ಐದಕ್ಕೆ ಅವಳನ್ನು ಭವನದ ಮುಂದೆ ಕರೆದುಕೊಂಡು ಹೋಗುವುದು ನನ್ನ ಕೆಲಸ. ಜಡೆಯ ಹುಡುಗಿ ಕಾಣಿಸಿದ ಕೂಡಲೇ ತನ್ನ ಎದೆ ಮುಟ್ಟಿಕೊಂಡು ನಗುತ್ತಿದ್ದಳು.

ಮಳೆಗಾಲದಲ್ಲಿ ಮರ ಉಬ್ಬಿ ಗೊಂಬೆಗಳು ಸಿಕ್ಕಿಕೊಳ್ಳತೊಡಗಿದವು. ಆಗೆಲ್ಲ ಗಡಿಯಾರವೂ ನಿಂತುಬಿಡುತ್ತಿತ್ತು. ಬಡಾವಣೆಯ ಸಂಘದ ಕಾರ್ಯದರ್ಶಿ ಮನೆಗೇ ಬಂದರು.

"ಗೊಂಬೆ ಕನೆಕ್ಷನ್ ತೆಗೆದ್ಬಿಡಿ ಸ್ವಾಮಿ. ಗಂಟೆ ಕೇಳಿಸಿದ್ರೆ ಸಾಕಲ್ವಾ?"

ಅಪ್ಪ ತಂಗಿಯ ಕಡೆ ನೋಡಿದರು. "ಆಗ್ಲಿ," ಅಂದರು, ಅಷ್ಟೇ.

ಮಾರನೆಯ ದಿನ ಬೆಳಗ್ಗೆ ತಂಗಿ ಆಡುತ್ತಾ ಅಪ್ಪನ ಸ್ಕ್ರೂಗಳ ತಟ್ಟೆ ಬೀಳಿಸಿದಳು. ಎಂದೂ ಕೈ ಮಾಡದ ಅಪ್ಪ ಅವಳ ಅಂಗೈಗೆ ಫಟ್ ಅಂತ ಹೊಡೆದರು. ಸಂಜೆ ನಾವು ಹೋದಾಗ ಅಪ್ಪ ಏಣಿಯ ಮೇಲೆ ನಿಂತು ಆ ಪುಟ್ಟ ಬಾಗಿಲಿಗೆ ಮೊಳೆ ಹೊಡೆಯುತ್ತಿದ್ದರು. ಐದರ ಗಂಟೆ ನನಗೆ ಕೇಳಿಸಿತು. ತಂಗಿ ಕತ್ತಲಾಗುವವರೆಗೂ ಕತ್ತೆತ್ತಿಕೊಂಡು ಕಾದಳು.

ಮನೆಗೆ ಬಂದವಳೇ ಅಪ್ಪನ ಮುಂದೆ ನಿಂತು ಅಂಗೈ ಚಾಚಿದಳು. ಇನ್ನೊಂದು ಕೈಯಿಂದ ಭವನದ ಕಡೆ ತೋರಿಸಿದಳು. ಬೇಕಾದರೆ ಇನ್ನೂ ಹೊಡಿ, ಬಾಗಿಲು ಮಾತ್ರ ತೆಗಿ ಅಂತ.

ಅಪ್ಪ "ನಿನ್ನಿಂದಲ್ಲ ಕಂದಾ, ತಟ್ಟೆ ಬೀಳಿಸಿದ್ದಕ್ಕಲ್ಲ," ಅನ್ನುತ್ತಾ ತಲೆಯಾಡಿಸಿದರು. ಅವಳಿಗೆ ಕಂಡದ್ದು ತಲೆಯಾಡಿಸಿದ್ದಷ್ಟೇ. ತೆಗೆಯುವುದಿಲ್ಲ ಅಂತ ತಿಳಿದು ಕೈ ಹಿಂದಕ್ಕೆ ತೆಗೆದುಕೊಂಡಳು. ಮತ್ತೆಂದೂ ಭವನದ ಕಡೆ ಬರಲಿಲ್ಲ.

ಎರಡು ವರ್ಷದ ಮೇಲೆ ಕಿವುಡು ಮಕ್ಕಳ ಶಾಲೆಗೆ ಸೇರಿ ಓದು ಬರಹ ಕಲಿತಳು. ಅವಳಿಗೆ ಹನ್ನೊಂದಾದಾಗ ಎದೆನೋವು ಬಂದು ಅಪ್ಪ ತೀರಿಕೊಂಡರು. ತಿಥಿ ಮುಗಿದ ಮಧ್ಯಾಹ್ನ ತಂಗಿ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದು ನನ್ನ ಮುಂದಿಟ್ಟಳು.

"ಅಪ್ಪಂಗೆ ನನ್ನ ಮೇಲಿನ ಕೋಪ ಹೋಗ್ಲೇ ಇಲ್ಲ ಅಲ್ವಾ ಅಕ್ಕ?"

ಯಾವ ಕೋಪ ಅಂತ ಮೊದಲು ತಿಳಿಯಲಿಲ್ಲ; ಆಮೇಲೆ ಮೊಳೆ ಹೊಡೆದ ಆ ಬಾಗಿಲು ನೆನಪಾಯಿತು. ಮಳೆ, ಉಬ್ಬಿದ ಮರ, ಕಾರ್ಯದರ್ಶಿ ಬಂದದ್ದು, ಎಲ್ಲವನ್ನೂ ಬರೆದೆ. ಎರಡು ಸಲ ಓದಿ ಅವಳು ಕೆಳಗೆ ಬರೆದಳು: "ನೀನ್ಯಾಕೆ ಇಷ್ಟು ವರ್ಷ ಹೇಳ್ಲಿಲ್ಲ?"

ಅವಳು ಮರೆತಿದ್ದಾಳೆ ಅಂದುಕೊಂಡಿದ್ದೆ. ಅವಳು ಎದ್ದು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ಅಳತೊಡಗಿದಳು. ನಾನೂ ಹೋದೆ. ಪಕ್ಕದಲ್ಲಿ ಕೂರಲು ಬಿಟ್ಟಳು. ಮುಖ ಮಾತ್ರ ನನ್ನ ಕಡೆ ತಿರುಗಿಸಲಿಲ್ಲ.