ಎದುರು ಮನೆಯ ಹನುಕ್ಕಾಗೆ ಕಟ್ಟಿದ ತೋರಣ

ಎಂಬತ್ತರ ದಶಕದ ಆರಂಭದಲ್ಲಿ ನಾವು ಬರ್ಕ್ಲಿಯ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ನನ್ನ ಗಂಡ ಸಂಶೋಧನೆಗೆಂದು ಯೂನಿವರ್ಸಿಟಿಗೆ ಹೋದರೆ ಬರುವುದು ಸಂಜೆಗೇ. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಹಗಲಲ್ಲಿ ಮಾತಿಗೆ ಸಿಗುತ್ತಿದ್ದವರು ಅಂಗಳದಾಚೆಯ ಎದುರು ಮನೆಯಲ್ಲಿ ಒಂಟಿಯಾಗಿದ್ದ ಯಹೂದಿ ಅಜ್ಜಿ ಮಾತ್ರ. ಟೋಪಿ ಹೊಲಿಯುವ ಅಂಗಡಿಯಲ್ಲಿ ದುಡಿದು ನಿವೃತ್ತರಾಗಿದ್ದರು.

ನಾವು ಬಂದ ವರ್ಷ ಡಿಸೆಂಬರಿನ ಒಂದು ಸಂಜೆ ಅವರ ಕಿಟಕಿಯಲ್ಲಿ ಎರಡು ಮೇಣದ ಬತ್ತಿ ಉರಿಯುತ್ತಿದ್ದವು. ಮರುದಿನ ಮೂರು, ಅದರ ಮರುದಿನ ನಾಲ್ಕು. ತಡೆಯಲಾರದೆ ಹೋಗಿ ಬಾಗಿಲು ತಟ್ಟಿದೆ. ಅಜ್ಜಿ ನಗುತ್ತಾ ಒಳಗೆ ಕರೆದು ತಮ್ಮ ಹನುಕ್ಕಾ ಹಬ್ಬದ ಕಥೆ ಹೇಳಿದರು: ಕೈತಪ್ಪಿದ್ದ ಯಹೂದಿಗಳ ದೇವಾಲಯ ಮರಳಿ ಸಿಕ್ಕಾಗ, ಒಂದೇ ದಿನಕ್ಕಾಗುವಷ್ಟಿದ್ದ ಎಣ್ಣೆ ಎಂಟು ದಿನ ಉರಿಯಿತಂತೆ. ಎಂಟು ದಿನಕ್ಕೆ ದೀಪದ ಕಂಬದಲ್ಲಿ ಒಂಬತ್ತು ಬತ್ತಿಯ ಜಾಗ ಏಕೆಂದು ಕೇಳಿದೆ. ಒಂಬತ್ತನೆಯದು ಮಿಕ್ಕವನ್ನು ಹಚ್ಚುವುದಕ್ಕೆ ಎಂದರು. ತುರಿದ ಆಲೂಗಡ್ಡೆಯನ್ನು ಎಣ್ಣೆಯಲ್ಲಿ ಕರಿದು ಸೇಬಿನ ಗೊಜ್ಜಿನ ಜೊತೆ ಕೊಟ್ಟರು. ನಾನು ಮನೆಗೆ ಓಡಿ ಮಾವಿನ ಉಪ್ಪಿನಕಾಯಿ ತಂದೆ.

ಮರುವರ್ಷ ಹಬ್ಬದ ಹೊತ್ತಿಗೆ ಅಂಗಡಿಗಳ ತುಂಬ ಕ್ರಿಸ್‌ಮಸ್ ಕಾರ್ಡುಗಳು. ಅಜ್ಜಿಯ ಹಬ್ಬಕ್ಕೆ ಮೂಲೆಯಲ್ಲಿ ಎರಡೋ ಮೂರೋ ಬಗೆ, ಎಲ್ಲವೂ ಒಂದೇ ನೀಲಿ. ನಾನೇ ಮಾಡೋಣವೆನ್ನಿಸಿತು. ಅವರಿಗೂ ಅವರ ಗೆಳತಿಯರಿಗೂ ಕಾರ್ಡು, ಬಾಗಿಲಿಗೊಂದು ತೋರಣ. ಕಾರ್ಡಿಗೆ ಚುಕ್ಕಿಯಿಟ್ಟು ಆರು ಮೂಲೆಯ ನಕ್ಷತ್ರ ಬರೆದೆ. ಮೈಸೂರಿನಲ್ಲಿ ಮನೆಯ ಮುಂದೆ ರಂಗೋಲಿಯಲ್ಲಿ ದಿನಾ ಹಾಕುತ್ತಿದ್ದ ಅದೇ ನಕ್ಷತ್ರ ಅವರ ಹಬ್ಬದಲ್ಲೂ ಇರುವುದು ನನಗೆ ಸೋಜಿಗವಾಗಿತ್ತು.

ತೋರಣಕ್ಕೆ ಲೈಬ್ರರಿಯ ಪುಸ್ತಕದಿಂದ ನಾಲ್ಕು ಹೀಬ್ರೂ ಅಕ್ಷರ ನಕಲು ಮಾಡಿಕೊಂಡೆ. ಆ ಹಬ್ಬದಲ್ಲಿ ಆಡಿಸುವ ಬುಗುರಿಯ ನಾಲ್ಕು ಮುಖಗಳ ಮೇಲಿರುವ ಅಕ್ಷರಗಳವು. ಬಣ್ಣದ ಕಾಗದದಲ್ಲಿ ಕತ್ತರಿಸಿ, ಚಾಕೊಲೇಟಿನ ಬೆಳ್ಳಿ ಕಾಗದದ ಅಂಚು ಕಟ್ಟಿದೆ. ಸಂಜೆ ನನ್ನ ಗಂಡ ನೋಡಿ, "ಚೆನ್ನಾಗಿದೆ. ಆದ್ರೆ ಏನು ಬರ್ದಿದೀಯ ಅಂತ ನಿಂಗೆ ಗೊತ್ತಾ?" ಎಂದರು. ಗೊತ್ತಿರಲಿಲ್ಲ. ಅಜ್ಜಿಯನ್ನೇ ಕೇಳಿದರಾಯಿತು ಎಂದುಕೊಂಡೆ.

ಹಬ್ಬದ ಮೊದಲ ದಿನ ತೋರಣ ಕಟ್ಟಿದಾಗ ಅಜ್ಜಿ ಬಹಳ ಹೊತ್ತು ಅದರ ಮುಂದೆ ನಿಂತರು. ಇದನ್ನು ಹೇಗೆ ಓದುವುದು ಎಂದು ಕೇಳಿದೆ. ಅವರು ಕನ್ನಡಕ ಒರೆಸುತ್ತಾ ಕಾಫಿಯ ಮಾತೆತ್ತಿದರು.

ಮಧ್ಯಾಹ್ನ ಬಂದ ಅವರ ಗೆಳತಿ, ಹಿಂದೆ ಮಕ್ಕಳಿಗೆ ಹೀಬ್ರೂ ಹೇಳಿಕೊಡುತ್ತಿದ್ದವರು, ಬಾಗಿಲಲ್ಲೇ ನಿಂತು ನಕ್ಕುಬಿಟ್ಟರು. ಹೀಬ್ರೂ ಬಲದಿಂದ ಎಡಕ್ಕೆ ಓದುವ ಭಾಷೆ. ನಾನು ನಾಲ್ಕು ಅಕ್ಷರವನ್ನೂ ಎಡದಿಂದ ಬಲಕ್ಕೆ ಕಟ್ಟಿದ್ದೆ. ನಾಚಿಕೆಯಿಂದ ಬಿಚ್ಚಲು ಹೋದರೆ ಅಜ್ಜಿ ನನ್ನ ಕೈ ಹಿಡಿದುಕೊಂಡರು.

"ನನಗೂ ಗೊತ್ತಾಗಲಿಲ್ಲ," ಎಂದರು. "ನಮ್ಮಪ್ಪ ಅಣ್ಣಂದಿರಿಗೆ ಮಾತ್ರ ಕಲಿಸಿದರು. ಎಪ್ಪತ್ತು ವರ್ಷದಿಂದ ಓದೋಕೆ ಬರುತ್ತೆ ಅಂತ ತಲೆಯಾಡಿಸಿಕೊಂಡು ಬಂದಿದ್ದೀನಿ."

ಗೆಳತಿಗೂ ಇದು ಹೊಸ ಸುದ್ದಿ. ಅವರು ಕೋಟು ತೆಗೆದು ಕುರ್ಚಿಗೆ ಹಾಕಿ, ಪೆನ್ಸಿಲು ಕೇಳಿದರು. ಆ ನಾಲ್ಕು ಅಕ್ಷರಗಳು 'ಅಲ್ಲೊಂದು ದೊಡ್ಡ ಪವಾಡ ನಡೆಯಿತು' ಎಂಬ ಮಾತಿನ ಮೊದಲಕ್ಷರಗಳೆಂದು ನಮಗಿಬ್ಬರಿಗೂ ಅವತ್ತೇ ತಿಳಿದದ್ದು.

ಅಂದಿನಿಂದ ಪ್ರತಿ ಮಂಗಳವಾರ ಗೆಳತಿ ಹೇಳಿಕೊಟ್ಟಂತೆ ಅಜ್ಜಿಯೂ ನಾನೂ ಅವರ ಅಡುಗೆಮನೆಯ ಮೇಜಿನ ಮುಂದೆ ಕೂತು ಅಕ್ಷರ ತಿದ್ದಿದೆವು. ನಾನು ಬೇಗ ಕಲಿತೆ, ಬೇಗ ಮರೆತೆ. ಅಜ್ಜಿ ನಿಧಾನ, ಆದರೆ ಒಂದು ಅಕ್ಷರವನ್ನೂ ಬಿಟ್ಟುಕೊಡುತ್ತಿರಲಿಲ್ಲ.

ಬೇಸಿಗೆಗೆ ಮುಂಚೆ ಒಂದು ದಿನ ಅವರು ತಂದೆಯ ಪ್ರಾರ್ಥನೆಯ ಪುಸ್ತಕ ತಂದು ಮೊದಲ ಪುಟ ತೆರೆದರು. ಅಲ್ಲಿ ಬಿಡಿಬಿಡಿಯಾಗಿ ತಂದೆಯೇ ಕೈಯಲ್ಲಿ ಬರೆದ ನಾಲ್ಕು ಸಾಲುಗಳಿದ್ದವು. ಯಾವುದೋ ಮಂತ್ರವಿರಬೇಕೆಂದು ಅವರು ಇಷ್ಟು ದಿನ ನಂಬಿದ್ದರು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದರು. ಮೊದಲ ಮೂರು ಸಾಲು ಅಣ್ಣಂದಿರ ಹೆಸರುಗಳು. ಕೊನೆಯದರ ಮೇಲೆ ಬೆರಳು ನಿಂತಿತು. ಅದು ಅವರ ಹೆಸರೇ, ಆದರೆ ಅಮ್ಮ ಮನೆಯಲ್ಲಿ ಕರೆಯುತ್ತಿದ್ದ ಹೆಸರು.

ಹೇಗೆ ಹೇಳಬೇಕೆಂದು ಕೇಳಿದೆ. ಹೇಳಿಕೊಟ್ಟರು. ನಾನು ಹೇಳಿದ್ದು ಸರಿಯಾಗಲಿಲ್ಲ. ಅಜ್ಜಿ ಅಲ್ಲವೆಂದು ತಲೆಯಾಡಿಸಿ, ಮತ್ತೆ ಹೇಳು ಎಂದರು.